ಬೆಳಕು ಸೋರುವ ಸಂದು

ಕಾದಾಗಲೇ ಬಡಿ ಅನ್ನುತ್ತಾರಲ್ಲ,
ಇಲ್ಲಿ ಸುತ್ತಿಗೆಯೇ ಇಲ್ಲ.
ಇನೊಕುಚಿ ಅಜ್ಜನ ಬಲಗೈಯಲ್ಲಿ ಬೆಂಕಿ,
ಎಡಗೈಯಲ್ಲಿ ನೀರಿನ ನಳಿಕೆ.
ಮುಂದೆ ನೀಲಿ ನಾಲಗೆ, ಬೆನ್ನಿಗೇ ತಣ್ಣನೆ ಧಾರೆ,
ನಡುವೆ ಗೇಣುದ್ದದ ಮಂಕು ಕೆಂಪು,
ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು.

ಇನ್ನೊಶಿಮಾ ದ್ವೀಪದ ಹಡಗುಕಟ್ಟೆ, ಫೆಬ್ರವರಿ.
ಗಾಳಿಗೆ ನನ್ನ ಮೂಗು ಸೋರುತ್ತದೆ.
ಇಲೋಯಿಲೋದಿಂದ ಬಂದು ಎರಡು ವರ್ಷ;
ನನ್ನ ಹೆಸರು ರೊಡೆಲ್, ಅವರ ಬಾಯಲ್ಲಿ ರೊದೆರು.

ತಳ್ಳುವವರಿಲ್ಲ, ಎಳೆಯುವವರಿಲ್ಲ,
ಹೆಬ್ಬೆರಳು ದಪ್ಪದ ಉಕ್ಕು ಹೇಗೆ ಬಾಗುತ್ತದೆ, ಕೇಳಿದೆ.
ಬುತ್ತಿಯ ಮುಚ್ಚಳ ತೆಗೆಯುತ್ತಾ ಹೇಳಿದರು:
ಕಾದ ಗೆರೆ ಹಿಗ್ಗಲು ನೋಡುತ್ತದೆ,
ಅಕ್ಕಪಕ್ಕದ ತಣ್ಣನೆ ಉಕ್ಕು ಜಾಗ ಬಿಡುವುದಿಲ್ಲ.
ದೋಣಿಯ ಬೆಂಚಿಗೆ ಕೊನೆಗೆ ಬಂದವನ ಹಾಗೆ
ತನ್ನೊಳಗೇ ಒತ್ತರಿಸಿಕೊಂಡು ಕೂರುತ್ತದೆ.
ಆಮೇಲೆ ನೀರು.
ಆರಿದಾಗ ಮೊದಲಿಗಿಂತ ಒಂದು ಕೂದಲು ಗಿಡ್ಡ.
ಆ ಒಂದು ಕೂದಲಿಗೆ ಇಡೀ ಹಾಳೆ ತಲೆ ತಗ್ಗಿಸುತ್ತದೆ.

ನಾನು ಮೊದಲ ಸಲ ಗೆರೆ ಎಳೆದ ದಿನ
ಆಸೆ ಹೆಚ್ಚಾಗಿ ಕೈ ನಿಧಾನವಾಯಿತು. ತೀರಾ ಬಾಗಿತು.
ಕೆಲಸ ಹೋಯಿತು ಅಂದುಕೊಂಡೆ. ಅವರು ಬೈಯಲಿಲ್ಲ,
ಕ್ರೇನಿನವನಿಗೆ ಕೈ ಮಾಡಿ ಹಾಳೆ ಮಗುಚಿಸಿ
ಅದರ ಬೆನ್ನ ಮೇಲೆ ಸೀಮೆಸುಣ್ಣದ ಗೆರೆ ಎಳೆದರು.
ನೆಟ್ಟಗಾಗುವುದಕ್ಕೂ ಮತ್ತೆ ಸುಡಬೇಕು,
ಮತ್ತೊಂದು ಕೂದಲು ಗಿಡ್ಡವಾಗಬೇಕು.
ಹಳೆಯ ಗೆರೆ ಅಳಿಯುವುದಿಲ್ಲ,
ಅದಕ್ಕೊಂದು ಎದುರು ಗೆರೆ ಬರುತ್ತದೆ, ಅಷ್ಟೆ.

ಅವರ ಕಿರುಬೆರಳು ಯಾವುದೋ ವರ್ಷ ಸುಟ್ಟು ಬಾಗಿದೆ.
ಅದನ್ನು ಯಾರೂ ನೆಟ್ಟಗೆ ಮಾಡಿಲ್ಲ.
ಹಾಳೆ ತಡವುವಾಗ ಅದೇ ಮುಂದೆ ಹೋಗುತ್ತದೆ;
ಉಬ್ಬು ಎಲ್ಲಿದೆ ಅಂತ ಕಣ್ಣಿಗಿಂತ ಮೊದಲು ಅದಕ್ಕೆ ಗೊತ್ತು.

ಸಂಜೆ ಮರದ ಅಚ್ಚು ತಂದು ನಿಲ್ಲಿಸುತ್ತೇವೆ,
ಹಡಗಿನ ಮೂತಿಯ ಪಕ್ಕ ಹೀಗಿರಬೇಕು ಎಂದು ಕಡೆದದ್ದು.
ಅಜ್ಜ ಮಂಡಿಯೂರಿ, ಕೆನ್ನೆ ಉಕ್ಕಿಗೆ ತಾಗುವಷ್ಟು ಬಗ್ಗಿ,
ಒಂದು ಕಣ್ಣು ಮುಚ್ಚುತ್ತಾರೆ.
"ಬೆಳಕು ಸೋರುತ್ತಿದೆ, ರೊದೆರು."
ಅಚ್ಚಿಗೂ ಉಕ್ಕಿಗೂ ನಡುವೆ
ಅಕ್ಕಿಕಾಳು ತೂರದಷ್ಟು ಸಂದು. ಆಚೆ ಸಮುದ್ರ.

ಮತ್ತೆ ಬೆಂಕಿ ಹಚ್ಚುತ್ತೇನೆ.
ನೀರು ಬಿದ್ದಾಗ, ಉಸಿರು ಹಿಡಿದವನು ಬಿಟ್ಟ ಸದ್ದು.
ಈ ಹಾಳೆ ಬಣ್ಣ ಬಳಿದುಕೊಂಡು ನೀರಿನೊಳಗೆ ಇಳಿಯುತ್ತದೆ,
ಮೀನು ನೋಡಿದರೆ ನೋಡಿತು.
ಮಂಡಿಯೂರುತ್ತೇನೆ.
ಒಂದು ಕಣ್ಣು ಮುಚ್ಚುತ್ತೇನೆ.
ಇನ್ನೂ ಕಾಣುತ್ತಿದೆ
ಸಮುದ್ರದ ಒಂದೆಳೆ ದಾರ.