ತಳವಿಲ್ಲದ ಬಲೆ

ಉತೆನಾದ ಶಾಲೆಯ ಜಿಮ್ಮಿನ ಬಾಗಿಲಲ್ಲಿ
ರಿಮ್ವಿದಸ್ ನಿಂತಿದ್ದಾನೆ, ಬೂಟಿನ ಹಿಮ ಒದರುತ್ತ,
ಮಗಳ ಹೆಗಲ ಮೇಲೆ ಎರಡೂ ಕೈಯೂರಿ
ಸಂತೆಗೆ ತಂದವನ ಹಾಗೆ.

"ಆರು ತುಂಬಿತು ಕೋಚ್. ಇವರಮ್ಮ ನನಗಿಂತ ಎತ್ತರ.
ಈಗಲೇ ಹಚ್ಚಿದರೆ ಕೈ ತಿರುಗುತ್ತದೆ."
ಅಡುಗೆಮನೆ ಬಾಗಿಲಿಗೆ ಪೆನ್ಸಿಲಿನ ಗೆರೆಗಳಂತೆ,
ತಿಂಗಳಿಗೊಂದು. ಫೋನಿನಲ್ಲಿ ತೋರಿಸಿದ.

ಇವನೂ ಆರಕ್ಕೇ ಬಂದಿದ್ದ, ಇದೇ ಬಾಗಿಲಿಗೆ;
ಮೊದಲ ದಿನವೇ ಚಡ್ಡಿ ಒದ್ದೆ.
ನೆನಪಿಸಲಿಲ್ಲ.

ಮೂವತ್ತೊಂದು ಚಳಿಗಾಲ ಈ ನೆಲ ಒರೆಸಿದ್ದೇನೆ.
ಗೇಣು ಮೊಳ ಹಾಕಿ ಆರಿಸಿದವರು
ಹನ್ನೆರಡಕ್ಕೇ ಚೆಂಡು ಕಂಡರೆ ಮುಖ ತಿರುಗಿಸಿದ್ದು ಗೊತ್ತು.
ಅದರಲ್ಲೊಬ್ಬ ನನ್ನ ಮಗ.
ಕ್ಲೈಪೆಡದಲ್ಲಿ ದೋಣಿಗೆ ಬಣ್ಣ ಬಳಿಯುತ್ತಾನೆ. ಚೆನ್ನಾಗಿದ್ದಾನೆ.

ಚೆಂಡು ಕೊಟ್ಟೆ. ಮಿಗ್ಲೆ ಮೂಸಿದಳು.
ಅಲುಗುವ ಹಲ್ಲನ್ನು ನಾಲಿಗೆಯಲ್ಲಿ ಆಡಿಸುತ್ತ
ಬಡಿದಳು, ಒಂದು, ಎರಡು;
ಮೂರನೆಯದು ಕಾಲಿಗೆ ತಗಲಿ
ಬೆಂಚಿನಡಿ ಉರುಳಿತು.
ಹಿಂದೆಯೇ ನುಸುಳಿದವಳು
ಬರಲೇ ಇಲ್ಲ.

ಅಪ್ಪ ಕೆಮ್ಮಿದ. ಗಡಿಯಾರ ನೋಡಿದ.
"ಮಿಗ್ಲೆ!"
ಕತ್ತಲಿಂದ ದನಿ ಬಂತು:
"ಇಲ್ಲೊಂದು ಜೇಡ ಇದೆ.
ಇದರ ಬಲೆಗೆ ತಳ ಇದೆಯಲ್ಲ,
ನಿಮ್ಮದಕ್ಕೆ ಯಾಕಿಲ್ಲ?"

ಮೇಲೆ ನೋಡಿದೆ.
ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

"ಈ ವರ್ಷ ಬೇಡ" ಎಂದೆ.
ಅವನ ಕಿವಿ ಕೆಂಪಾಯಿತು, ಆರರಲ್ಲಿ ಆದ ಹಾಗೆಯೇ.
"ಮತ್ತೆ ಯಾವಾಗ? ಒಂದು ತಾರೀಖು ಹೇಳಿ."
ತಾರೀಖು ನನ್ನ ಬಳಿ ಇಲ್ಲ, ರಿಮ್ವಿದಸ್.
ಆ ಹಲ್ಲನ್ನು ನೀನು ಕೀಳುತ್ತೀಯಾ?
ನಿನಗೆ ಸುಸ್ತಾಗಿ, ಇವತ್ತು ಬೇಡ ಮರೀ ಎಂದ ಸಂಜೆ
ಅವಳು ತಾನೇ ಲೇಸು ಕಟ್ಟಿಕೊಂಡು,
ಎಡದ್ದು ಬಲಕ್ಕೆ ಹಾಕಿಕೊಂಡಾದರೂ ಸರಿ,
ಬಾಗಿಲಲ್ಲಿ ನಿಂತರೆ
ಅವತ್ತು ಕರೆದುಕೊಂಡು ಬಾ. ಹೊತ್ತು ಮೀರಿದ್ದರೂ ಬಾ.
ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ.

ಹಳೆಯ ಚೆಂಡೊಂದನ್ನು ಸಾಲ ಕೊಟ್ಟೆ, ಗಾಳಿ ಸ್ವಲ್ಪ ಕಡಿಮೆ.
ಕಿಟಕಿಯಿಂದ ಕಂಡಿತು:
ಹಿಮದ ಮೇಲೆ ಚೆಂಡು ಪುಟಿಯುವುದಿಲ್ಲ,
ಬಿದ್ದಲ್ಲೇ ಗುಳಿ ತೋಡಿ ಕೂರುತ್ತದೆ.
ಅವಳು ಎತ್ತಿದಳು, ಬಡಿದಳು.
ಗುಳಿ.
ಎತ್ತಿದಳು.
ಅಪ್ಪ ಕಾರಿನ ಬಾಗಿಲು ತೆರೆದು ಹಿಡಿದಿದ್ದವನು
ಆಮೇಲೆ ಮುಚ್ಚಿದ,
ಕೈಗವಸು ಕಳಚಿ ಜೇಬಿಗೆ ತುರುಕಿದ.

ಎಷ್ಟು ಹೊತ್ತು ಆಡಿದರೋ, ನಾನು ನೋಡಲಿಲ್ಲ.
ಬಕೆಟ್ಟಿಗೆ ಬಿಸಿನೀರು ಹಿಡಿದು
ಒಂದು ತುದಿಯಿಂದ ಇನ್ನೊಂದಕ್ಕೆ ನೆಲ ಒರೆಸಿದೆ,
ಬೆಂಚಿನಡಿ ಬಿಟ್ಟು.