ಸೂಜಿಗಲ್ಲು

ಹೆಬ್ಬಾಳದ ಕೈಗಾರಿಕಾ ಪ್ರದೇಶ, ಕೊನೆಯ ಶೆಡ್ಡು.
ಸ್ಟೋರಿನ ಕೀಲಿ ನನ್ನ ಸೊಂಟದಲ್ಲಿ, ಹನ್ನೊಂದು ವರ್ಷದಿಂದ.
ತಾಮ್ರದ ತಂತಿ ಇದೆ. ಬೇರಿಂಗು, ವಾರ್ನಿಷು, ಬೋಲ್ಟು ಇದೆ.
ಕಾಯಿಲು ಸುತ್ತಿ ಸುತ್ತಿ ಬೆರಳು ಕಪ್ಪಾದ ಎಂಟು ಹೆಂಗಸರಿದ್ದಾರೆ.
ಇಲ್ಲದ್ದು ಒಂದೇ:
ಚಕ್ಕುಲಿಯ ಚೂರಿನಷ್ಟು, ಹಾಗೇ ಬಾಗಿದ,
ನಿಕ್ಕಲ್ ಮೆರುಗಿನ ಸೂಜಿಗಲ್ಲು.

ಅದು ಚೀನಾದಿಂದ ಬರಬೇಕು. ಬರುತ್ತಿತ್ತು,
ಚೆನ್ನೈ ಬಂದರಿಂದ ಲಾರಿಯಲ್ಲಿ, ಥರ್ಮೋಕೋಲಿನ ಮಡಿಲಲ್ಲಿ ಮಲಗಿ,
ಒಂದಕ್ಕೊಂದು ಅಂಟದಂತೆ ನಡುವೆ ಅಡ್ಡಪಟ್ಟಿ.
‘ಹೊಸ ಗಂಡಹೆಂಡಿರನ್ನ ಆಷಾಢದಲ್ಲಿ ಬೇರೆ ಇಟ್ಟಂಗೆ’
ಅನ್ನುತ್ತಿದ್ದಳು ಸಣ್ಣತಾಯಿ. ನಗುತ್ತಿದ್ದೆವು.

ಈಗ ಬರುವುದು ಒಂದು ಫಾರಂ.
ಇಂಗ್ಲಿಷಿನ ಒಂದು ಸಾಲು, ಕೆಳಗೆ ಅವರ ಅಕ್ಷರದ ಒಂದು ಸಾಲು,
ಪುಟ್ಟ ಪುಟ್ಟ ಮನೆಗಳು, ಎಲ್ಲಕ್ಕೂ ಬಾಗಿಲು ಹಾಕಿದೆ.
ಈ ವಸ್ತು ಯಾವುದಕ್ಕೆ? ಕೊನೆಗೆ ಯಾರ ಕೈ ಸೇರುತ್ತದೆ?
ಕ್ಷಿಪಣಿಗಲ್ಲ, ಸೈನ್ಯದ ಯಾವ ಕೆಲಸಕ್ಕೂ ಅಲ್ಲ
ಎಂದು ಸಹಿ ಮಾಡಿ, ಮೊಹರು ಒತ್ತಿ.
ಚಂಗಪ್ಪನವರು ಕನ್ನಡಕ ತೆಗೆದರು:
‘ನೀನೇ ತುಂಬಿಸಮ್ಮ, ನಿನ್ನ ಅಕ್ಷರ ಚೆಂದ.’

ಬರೆದೆ.
ಇದು ಬ್ಯಾಟರಿ ಆಟೋದ ಮೋಟರಿಗೆ.
ಆ ಆಟೋದಲ್ಲಿ ಅಶೋಕಪುರಂನ ಏಳು ಮಕ್ಕಳು, ಏಳು ನೀರಿನ ಬಾಟಲಿ,
ಮಧ್ಯಾಹ್ನ ಮಾರ್ಕೆಟ್ಟಿನಿಂದ ಎರಡು ಮೂಟೆ ಬೀನ್ಸು,
ಯಾವುದೋ ಅಪರಾತ್ರಿ ಚೆಲುವಾಂಬ ಆಸ್ಪತ್ರೆಗೆ
ನೋವು ಕಚ್ಚಿಕೊಂಡು ಕೂತ ಒಬ್ಬಳು.
ಜಾಗ ಸಾಲಲಿಲ್ಲ.
‘ಪ್ರಯಾಣಿಕರ ವಾಹನ’ ಅಂತಷ್ಟೇ ಉಳಿಸಿ ಮಿಕ್ಕಿದ್ದು ಹೊಡೆದುಹಾಕಿದೆ.

ಪುಟ್ಟಬುದ್ಧಿಯ ಫೋನು ಬಂದದ್ದು ಅವತ್ತೇ ರಾತ್ರಿ.
ನನ್ನ ತಮ್ಮ, ಹವಾಲ್ದಾರ. ಎಲ್ಲಿದ್ದಾನೆಂದು ಹೇಳುವಂತಿಲ್ಲ.
ಚೆಲ್ಲಿದ ಚಹಾ ನೆಲ ಮುಟ್ಟುವಷ್ಟರಲ್ಲಿ ಕಲ್ಲಂತೆ.
ಎದುರು ಗುಡ್ಡದಲ್ಲಿ ಅವರ ದೀಪ ಕಾಣುತ್ತದಂತೆ,
ರಾತ್ರಿಯೆಲ್ಲ ರಸ್ತೆ ಮಾಡುತ್ತಾರಂತೆ, ನಿಲ್ಲಿಸದೆ.
‘ನೀವೇನು ಮಾಡ್ತೀರೋ?’
‘ನಾವೂ ರಸ್ತೆ ಮಾಡ್ತೀವಿ ಕಣಕ್ಕ.’
ನಾನು ಊಟ ಕೇಳಿದೆ. ಅವನು ಹೊಳೆಯಲ್ಲಿ ನೀರೆಷ್ಟು ಎಂದ.
ಫಾರಂನ ಮಾತು ಎತ್ತಲಿಲ್ಲ.
ಎತ್ತಿದ್ದರೆ ಏನನ್ನಬೇಕಿತ್ತು?
ನೀನು ಕಣ್ಣು ನೆಟ್ಟು ಕಾಯುವ ಆ ದೀಪದವರಿಗೆ
ನಿನ್ನಕ್ಕ ಇವತ್ತು ಮಾತು ಕೊಟ್ಟಳು,
ಇದು ನಿನ್ನ ಕೈಗೆ ಸೇರುವುದಿಲ್ಲವೆಂದು?

ನರಸೀಪುರದ ಹೊಳೆದಂಡೆಯಲ್ಲಿ, ಚಿಕ್ಕವರಿದ್ದಾಗ,
ಕೆಟ್ಟ ರೇಡಿಯೋದ ಸೂಜಿಗಲ್ಲಿಗೆ ದಾರ ಕಟ್ಟಿ ಎಳೆಯುತ್ತಿದ್ದೆವು.
ಮರಳಿನಿಂದೆದ್ದ ಕಪ್ಪು ಪುಡಿ ಅದಕ್ಕೆ ಮೀಸೆಯಾಗುತ್ತಿತ್ತು.
ಕಪಿಲೆಯ ಮರಳೋ ಕಾವೇರಿಯದೋ,
ಅದು ಯಾವತ್ತೂ ಕೇಳಿದ್ದಿಲ್ಲ.

ಮೂರು ತಿಂಗಳಾಯಿತು. ಹೆಂಗಸರಿಗೆ ಅರ್ಧ ಸಂಬಳ.
ಬೀರುವಿನ ಬಾಗಿಲಲ್ಲಿ ಅಂಚು ಮುರಿದ ಹಳೆಯದೊಂದು ಉಳಿದಿದೆ,
ಫಾರಂನ ನಕಲನ್ನೂ
ಪುಟ್ಟಬುದ್ಧಿಯ ರಜೆಯ ತಾರೀಖು ಬರೆದ ಚೀಟಿಯನ್ನೂ
ಒಟ್ಟಿಗೇ ಕಚ್ಚಿಕೊಂಡು. ಬಿಡಿಸಹೋದರೆ ಉಗುರು ನೋಯುತ್ತದೆ.

‘ಬಂತಾ?’ ಅಂದಳು ಸಣ್ಣತಾಯಿ.
‘ಆಷಾಢ ಮುಗಿದಿಲ್ಲ ಕಣೇ’ ಅಂದೆ.
ಹೊರಗೆ ದಸರೆಗೆಂದು ಬಲ್ಬಿನ ಸರ ಕಟ್ಟುತ್ತಿದ್ದರು.
ರಸ್ತೆಬದಿಯಲ್ಲಿ ಖಾಲಿ ಪೆಟ್ಟಿಗೆಗಳ ರಾಶಿ,
ಒಂದೊಂದರ ಮೇಲೂ ಅವೇ ಪುಟ್ಟ ಮನೆಗಳು,
ಬಾಗಿಲು ಹಾಕಿದವು.