ಅರ್ಧ ಲೀಟರ್ ನೀಲಿ

ಬೇತಮಂಗಲದ ಶಾಲೆ, ಏಳನೇ ತರಗತಿ, ಬಡಗಣ ಗೋಡೆ.
ಪಾಠದ ಹೆಸರು: ಒಂದು ಸಣ್ಣ ಕರಾವಳಿ ಪ್ರಾಂತ್ಯ.
ನಕ್ಷೆ ಬರೆಯಲು ಬಂದವನು ಪಿಳ್ಳಪ್ಪ,
ವಡ್ಡಹಳ್ಳಿಯ ಟೊಮೇಟೊ ಮಂಡಿ ಬೋರ್ಡುಗಳೆಲ್ಲ ಅವನ ಕೈಯವೇ.
ಕೆಂಪು ಧಾರಾಳ, ಹಸಿರಿಗೂ ಕೊರತೆಯಿಲ್ಲ,
ನೀಲಿ ಮಾತ್ರ ಅರ್ಧ ಲೀಟರ್.

‘ಎಷ್ಟು ದೊಡ್ಡದು ಮೇಷ್ಟ್ರೇ ನಿಮ್ಮ ದೇಶ?’
ಪುಸ್ತಕ ನೋಡಿ ಹೇಳಿದೆ: ಉದ್ದ ಎಪ್ಪತ್ತು ಮೈಲಿ,
ಅಗಲ, ಕುದುರೆಯೊಂದು ಬೆವರದೆ ನಡೆವಷ್ಟು.
ಅವನು ಗೇಣು ಹಾಕಿದ.
ಸ್ವಿಚ್ ಬೋರ್ಡಿನಿಂದ ಕಿಟಕಿಯ ತನಕ ಹನ್ನೊಂದು ಗೇಣು.
ಹಾಗೆ ತೀರ್ಮಾನವಾಯಿತು ಗಡಿ.
ಯಾವ ರಾಜನೂ ಇದಕ್ಕಿಂತ ನ್ಯಾಯವಾಗಿ
ಗೆರೆ ಎಳೆದದ್ದನ್ನು ನಾನು ಓದಿಲ್ಲ.

ಗಾರೆ ಬಿರಿದ ಕಡೆ ನದಿ.
ಮೊಳೆ ಕಿತ್ತ ತೂತು ರಾಜಧಾನಿ.

ಅವನು ಬಳಿಯುತ್ತಿದ್ದ, ನಾನು ಚರಿತ್ರೆ ಹೇಳುತ್ತಿದ್ದೆ.
ಮೊದಲು ಬಲೆಯವರು ಬಂದರು, ಆಮೇಲೆ ಉಪ್ಪು ಬೆಳೆಯುವವರು,
ಆಮೇಲೆ ಉಪ್ಪಿಗೆ ಸುಂಕ ಕೇಳುವವರು.
ಒಂದು ವರ್ಷ ಮೂರು ಹಡಗು:
ಎರಡು ಮೆಣಸಿಗೆ, ಒಂದು ದಾರಿ ತಪ್ಪಿ.
ದಾರಿ ತಪ್ಪಿದವರೇ ಕೋಟೆ ಕಟ್ಟಿದರು.
ಪಿಳ್ಳಪ್ಪ ಕೋಟೆಗೆ ಕೆಂಪು ಮೆತ್ತಿದ,
ಕೈ ಅಭ್ಯಾಸಕ್ಕೆ ಅದು ಟೊಮೇಟೊ ಆಯಿತು.
ತೊಟ್ಟಿನ ಮೇಲೊಂದು ಬಾವುಟ ಏರಿಸಿ
‘ಈಗ ಸರಿಹೋಯ್ತು’ ಅಂದ.

ಸಮುದ್ರದ ಸರದಿಗೆ ಡಬ್ಬಿ ಬರಿದು.
‘ನೀಲಿ ಆಗೋಯ್ತು ಮೇಷ್ಟ್ರೇ.’
ಬಿಸಿಯೂಟದ ಅಕ್ಕಯ್ಯಮ್ಮ ಮನೆಯಿಂದ ತಂದಳು
ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿ;
ಸುಣ್ಣಕ್ಕೆ ಕಲಸಿ ಎಳೆದರೆ
ದಡದ ಬಳಿ ದಟ್ಟ, ಆಚೆಗೆ ಒಗೆದು ಒಣಗಿಸಿದ ಹಾಗೆ ತೆಳು.

‘ಆ ನದಿ ನಮ್ಮ ಪಾಲಾರಾ ಸಾರ್?’
ಅಲ್ಲ, ಪುಸ್ತಕದಲ್ಲಿ ಬೇರೆ ಹೆಸರಿದೆ ಅಂದೆ.
ನಮ್ಮದೂ ಹೋಗುತ್ತದೆ ಸಮುದ್ರಕ್ಕೆ,
ಕಾಗದದ ಮೇಲೆ, ಪೂರ್ವ ದಿಕ್ಕಿಗೆ, ತಪ್ಪದೆ.
ದಾರಿಯಲ್ಲಿ ನಮ್ಮ ಕೆರೆ ಹಿಡಿಯಿತು,
ಕೆರೆಯಿಂದ ಕೊಳವೆ ಹತ್ತಿ ನೀರು ಚಿನ್ನದ ಗಣಿಯ ಊರಿಗೆ ಹೋಯಿತು,
ಉಳಿದ ಮರಳನ್ನು ರಾತ್ರಿಯ ಲಾರಿಗಳು ಹೊತ್ತವು.
ಈ ಗೋಡೆಯಲ್ಲಿ ಇರುವುದೂ ಅದೇ ಮರಳು.
ಇಷ್ಟೆಲ್ಲ ಹೇಳಲಿಲ್ಲ. ಪರೀಕ್ಷೆಗೆ ಬರುವುದಿಲ್ಲ.

ಕಾರ್ತಿಕದಲ್ಲಿ ನಾಲ್ಕು ದಿನ ಜಡಿ ಹಿಡಿದು ಬಿಟ್ಟಿತು.
ಐದನೇ ದಿನ ಬೀಗ ತೆಗೆದರೆ
ಗೋಡೆ ಉಪ್ಪು ಹೂತಿದೆ.
ಬೆಟ್ಟದ ಮೇಲಿಲ್ಲ, ಕೋಟೆಯ ಮೇಲಿಲ್ಲ,
ಸುಣ್ಣದ ನೀಲಿ ಬಳಿದ ಕಡೆಗೇ,
ಬೆಳ್ಳಗೆ, ನವಿರಾಗಿ, ಅಲೆ ಅಲೆಯಾಗಿ.
ಹೆಡ್‌ಮೇಷ್ಟ್ರು ಕೆರೆಸಿ ಬಿಡಿ ಅಂದರು.

ಕಿಟಕಿ ಪಕ್ಕದ ಬೆಂಚಿನ ಅರ್ಷಿಯಾ
ಬೆರಳ ತುದಿ ಎಂಜಲು ಮಾಡಿ
ಬಂದರಿನಿಂದ ನಾಲ್ಕಂಗುಲ ಆಚೆ ಒತ್ತಿ
ನಾಲಗೆಗೆ ಇಟ್ಟುಕೊಂಡಳು.
ಇಡೀ ತರಗತಿ ಅವಳ ಬಾಯಿ ನೋಡುತ್ತಿತ್ತು.

‘ಹೌದು ಸಾರ್’ ಅಂದಳು.

ಉಳಿದ ಇಪ್ಪತ್ತಾರು ಜನ ಸಾಲು ನಿಂತರು.
ಊಟದ ಬೆಲ್ಲಿನ ಹೊತ್ತಿಗೆ
ಬಂದರು ಅಳಿಸಿಹೋಗಿತ್ತು.